ವೈಕುಂಠಪುರಕ್ಕೆ ಬಂದ ನಿರ್ದೇಶಕರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡವರಿಗೆ ‘ಸಂಸ್ಕಾರ’ ಎಂದೊಡನೆ ಅನಂತಮೂರ್ತಿಯವರು ನೆನಪಾಗುತ್ತಾರೆ. ಚಲನಚಿತ್ರವೆಂದರೆ ಪ್ರಾಣೇಶಾಚಾರ್ಯರ ಪಾತ್ರ ವಹಿಸಿದ ಗಿರೀಶ ಕಾರ್ನಾಡರು. ಅದನ್ನು ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿಯವರನ್ನು ಬಲ್ಲವರು ವಿರಳ. ಚಿತ್ರೀಕರಣ ನಡೆದದ್ದು ನಮ್ಮ ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ ಎಂಬುದೂ ಹಲವರಿಗೆ ಹೊಸ ಸಂಗತಿಯೇ.

ರೆಡ್ಡಿಯವರು 1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದವರು. 1939ರಲ್ಲಿ ‘ಫಿಡೇಲು ರಾಗಾಲ ಡಜನ್’ ಎಂಬ ಕವನಸಂಕಲನದಿಂದ ತೆಲುಗಿನ ಸಾಂಪ್ರದಾಯಿಕ ಛಂದಸ್ಸನ್ನೇ ಕೆಣಕಿದ ಕವಿ. ಅನಂತರ ಕೆ.ವಿ. ರೆಡ್ಡಿಯವರ ‘ಪೆಳ್ಳಿನಾಟಿ ಪ್ರಮಾಣಾಲು’ (1958) ಚಿತ್ರದ ನಿರ್ಮಾಪಕ. ಲೋಹಿಯಾ ವಿಚಾರಗಳಿಗೆ ಮನಸೋತ ಅವರು, ಐವತ್ತರ ಅಂಚಿನಲ್ಲಿ, ತಮ್ಮದಲ್ಲದ ಭಾಷೆಯಲ್ಲಿ ನಿರ್ದೇಶನಕ್ಕೆ ಕೈಹಾಕಿದರು. ಛಾಯಾಗ್ರಾಹಕ ಆಸ್ಟ್ರೇಲಿಯದ ಟಾಮ್ ಕೋವನ್, ಸಂಗೀತ ರಾಜೀವ ತಾರಾನಾಥರದು, ನಾರಣಪ್ಪನಾಗಿ ಪಿ. ಲಂಕೇಶ್. ಕಾದಂಬರಿಯ ಅಗ್ರಹಾರ ಮಾಧ್ವರದು, ಚಿತ್ರ ರೂಪುಗೊಂಡದ್ದು ಸ್ಮಾರ್ತಪೀಠದ ಮಗ್ಗುಲಲ್ಲಿ! ತುಂಗೆಗೆ ಈ ಭೇದವೆಲ್ಲಿಯದು?

ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ನಿಷೇಧ ತೆರವಾದ ಮೇಲೆ 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಗೌರವ ಅದೇ ಮೊದಲು. ಇದು ನಮ್ಮವರನ್ನು ಹೀಗಳೆಯುವ ಚಿತ್ರವೆಂದು ಮುನಿಯುವ ಬಂಧುಗಳು ನನಗೂ ಇದ್ದಾರೆ. ನಾನು ಒಪ್ಪಲಾರೆ. ಹೆಣ ಮನೆಯಲ್ಲಿರುವಾಗ ಊರೆಲ್ಲ ಹಸಿದು ಕೂತಿರುವ ಸಂಕಟ, ತಾಳೆಗರಿಗಳಲ್ಲಿ ಉತ್ತರ ಕಾಣದೆ ತೊಳಲುವ ಆಚಾರ್ಯರ ಪ್ರಾಮಾಣಿಕತೆ, ಇವುಗಳನ್ನು ದ್ವೇಷವಿದ್ದವನು ಅಷ್ಟು ಸಾವಧಾನದಿಂದ ತೋರಿಸಲಾರ.

ಚಂದ್ರಿಯಾಗಿ ನಟಿಸಿದವರು ರೆಡ್ಡಿಯವರ ಪತ್ನಿ ಸ್ನೇಹಲತಾ. ಎಲ್ಲರೂ ಶಾಸ್ತ್ರಾರ್ಥದಲ್ಲಿ ಮುಳುಗಿದ್ದಾಗ ರಾತ್ರೋರಾತ್ರಿ ಆ ಶವಕ್ಕೆ ಬೆಂಕಿ ಕಾಣಿಸುವವಳು ಚಂದ್ರಿಯೇ ಅಲ್ಲವೆ? ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಸ್ನೇಹಲತಾ ಬಂಧಿತರಾದರು. ಅಸ್ತಮಾ ರೋಗಿ, ಬೆಂಗಳೂರಿನ ಸೆರೆಮನೆಯಲ್ಲಿ ಎಂಟು ತಿಂಗಳು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಇದನ್ನು ತಿಳಿದ ಮೇಲೆ ಚಂದ್ರಿಯ ಮೌನವನ್ನು ತೆರೆಯ ಮೇಲೆ ನೋಡುವುದು ನನಗೆ ಸುಲಭವಾಗಿಲ್ಲ.

ಅದೇ ವರ್ಷ ರೆಡ್ಡಿಯವರ ‘ಚಂಡಮಾರುತ’ ಬಂತು, ಲಂಕೇಶರ ನಾಟಕವನ್ನು ಆಧರಿಸಿದ್ದು. ಮುಂದೆ ‘ಶೃಂಗಾರ ಮಾಸ’ (1984), ‘ದೇವರ ಕಾಡು’ (1993). ಯಾವುದೂ ‘ಸಂಸ್ಕಾರ’ದಷ್ಟು ಚರ್ಚೆಗೆ ಬರಲಿಲ್ಲ. 2006ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ದೂರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಬಿಡುವಿದ್ದಾಗ ಚಿತ್ರವನ್ನು ಒಮ್ಮೆ ನೋಡಿ, ನಮ್ಮ ಕಡೆಯ ಆ ಜಗುಲಿ, ಅಂಗಳ, ಹೊಳೆದಂಡೆಗಳ ಬಗ್ಗೆ ಎರಡು ಸಾಲು ಬರೆಯಿರಿ.