ಹೊಗೆಸೊಪ್ಪಿನ ರೇಟನ್ನೂ ದೇವರಲ್ಲಿ ಕೇಳಿ

ಕೊಣನೂರು ಕಡೆಯ ರೈತ ಹೊಗೆಸೊಪ್ಪು ಬೇಯಿಸಿ, ಬೇಲು ಕಟ್ಟಿ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊರಟಾಗ ಅವನ ತಲೆಯಲ್ಲಿರುವುದು ಒಂದೇ: ಕಿಲೋಗೆ ಎಷ್ಟು ಸಿಗುತ್ತೆ? ಸಾಲ, ಸೌದೆ ಖರ್ಚು, ಮಗಳ ಕಾಲೇಜು ಫೀಸು ಎಲ್ಲ ಅದರ ಮೇಲೇ ನಿಂತಿದೆ. ಆದರೆ ಇಂಥದ್ದನ್ನು ದೇವರ ಮುಂದಿಡಲು ನಮ್ಮಲ್ಲಿ ಎಷ್ಟೋ ಕ್ರೈಸ್ತರು ಹಿಂಜರಿಯುತ್ತಾರೆ. ಲೋಕಶಾಂತಿಗಾಗಿ ಪ್ರಾರ್ಥಿಸುತ್ತೇವೆ, ಮನೆಯ ಕಷ್ಟವನ್ನು ನುಂಗಿಕೊಳ್ಳುತ್ತೇವೆ.

ಲೂಕನ ಸುವಾರ್ತೆಯ 11ನೇ ಅಧ್ಯಾಯ ತೆಗೆದು ನೋಡಿ. ಯೇಸು ಹೇಳಿದ ಕಥೆಯಲ್ಲಿ ಒಬ್ಬ ನಡುರಾತ್ರಿ ಗೆಳೆಯನ ಬಾಗಿಲಿಗೆ ಹೋಗುತ್ತಾನೆ. ಮನೆಗೆ ಅತಿಥಿ ಬಂದಿದ್ದಾನೆ, ಬಡಿಸಲು ಏನೂ ಇಲ್ಲ. ಕೇಳುವುದು ಬರೀ ಮೂರು ರೊಟ್ಟಿ! ಮಕ್ಕಳು ಮಲಗಿದ್ದಾರೆ, ತೊಂದರೆ ಕೊಡಬೇಡ ಎಂದು ಗೆಳೆಯ ಒಳಗಿನಿಂದ ಹೇಳಿದರೂ ಇವನು ಬಿಡುವುದಿಲ್ಲ. ಹೀಗೆ ಕೇಳಿ ಎಂದೇ ಯೇಸು ಆ ಕಥೆ ಹೇಳಿದ್ದು. ಅದಕ್ಕೂ ಮುಂಚೆ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲೂ ಆಯಾ ದಿನದ ಊಟದ ಬೇಡಿಕೆ ಇದೆ. ನನಗೆ ಇದರಷ್ಟು ಧೈರ್ಯ ಕೊಡುವ ಮಾತು ಬೇರೆ ಇಲ್ಲ.

ಕೇಳಿದಷ್ಟೇ ರೇಟು ಸಿಗುತ್ತದೆ ಎಂದು ಹೇಳಲಾರೆ. ಗೆತ್ಸೆಮನೆ ತೋಟದಲ್ಲಿ ಸ್ವತಃ ಯೇಸು ತಪ್ಪಿಸು ಎಂದು ಬೇಡಿದ ಸಂಕಟದ ಪಾತ್ರೆ ತಪ್ಪಲಿಲ್ಲ. ಆದರೂ ಆತ ಬಾಯಿಬಿಟ್ಟು ಬೇಡಿದ.

ಈ ಸಲ ಬೇಲು ಗಾಡಿಗೆ ಏರಿಸುವ ಮುಂಚೆ ಮನೆಯವರೆಲ್ಲ ಕೂತು, ನಿಮಗೆ ಬೇಕಾದ ರೇಟನ್ನು ಬಾಯಿಬಿಟ್ಟು ಹೇಳಿಯೇ ಪ್ರಾರ್ಥಿಸಿ.