ಹುಲಸೂರಿನಿಂದ ದುರ್ಗಕ್ಕೆ: ಯಾವ ಗಾಡಿ ಹತ್ತಬೇಕು?

ಸಿನಿಮಾದಲ್ಲಿ ಹೀರೋ ಎಷ್ಟು ದೂರ ಮೋಟಾರ್‌ಸೈಕಲ್ ಓಡಿಸಿದರೂ ಅವನ ಟೊಂಕ ನೋಯುವುದಿಲ್ಲ. ಗಮನಿಸಿದ್ದೀರಾ? 1975ರ ‘ಶೋಲೆ’ಯಲ್ಲಿ ಧರ್ಮೇಂದ್ರ, ಅಮಿತಾಭ್ ಇಬ್ಬರೂ ಸೈಡ್‌ಕಾರ್ ಗಾಡಿಯಲ್ಲಿ ಹಾಡುತ್ತಾ ಹೋದದ್ದೇ ಹೋದದ್ದು. 1973ರ ‘ಬಾಬಿ’ಯಲ್ಲಿ ರಿಷಿ ಕಪೂರ್ ಹತ್ತಿದ ಆ ಪುಟ್ಟ ರಾಜದೂತ್‌ಗೆ ಜನ ‘ಬಾಬಿ’ ಅಂತಲೇ ಹೆಸರಿಟ್ಟರು. ನೋಡಿದವರೆಲ್ಲ ಅಂಥದೊಂದು ಗಾಡಿ ನಮಗೂ ಇದ್ದರೆ ಎಂದು ಕನಸು ಕಂಡರು. ಆದರೆ ಹಾಡು ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ ಸ್ವಾಮಿ! ನಮ್ಮ ಹುಲಸೂರಿನಿಂದ ಚಿತ್ರದುರ್ಗಕ್ಕೆ ಸುಮಾರು ಆರುನೂರು ಕಿಲೋಮೀಟರ್.

ಹುಲಸೂರ ಎಲ್ಲಿದೆ ಅಂತೀರಾ? ಬೀದರ್ ಜಿಲ್ಲೆಯಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಂತೆ. ಮೊದಲು ಬಸವಕಲ್ಯಾಣ ತಾಲ್ಲೂಕಿನ ಊರು, ಈಗ ಸ್ವತಃ ತಾಲ್ಲೂಕು ಕೇಂದ್ರ. ತೊಗರಿ, ಉದ್ದು, ಹೆಸರು ಬೆಳೆಯುವ ಸೀಮೆ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಚಹಾದಂಗಡಿಯಲ್ಲಿ ಕೇಳುತ್ತವೆ. ಬಸವಕಲ್ಯಾಣಕ್ಕೆ ನಾವು ಬರೀ ‘ಕಲ್ಯಾಣ’ ಅಂತೀವಿ. ಅಲ್ಲಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು.

ಇಂಥ ಊರಿನ ಹುಡುಗನಿಗೆ ದುರ್ಗದ ಹುಚ್ಚು ಯಾಕೆ ಹಿಡಿಯಿತು? ಉತ್ತರ ಒಂದೇ ಮಾತಿನದು: ‘ನಾಗರಹಾವು’. 1972ರಲ್ಲಿ ಪುಟ್ಟಣ್ಣ ಕಣಗಾಲರು ದುರ್ಗದ ಬಂಡೆಗಳ ನಡುವೆ ರಾಮಾಚಾರಿಯನ್ನು ನಿಲ್ಲಿಸಿದರಲ್ಲ, ಆ ವಿಷ್ಣುವರ್ಧನ್‌ರನ್ನು ನಮ್ಮಪ್ಪ ಹುಡುಗನಿದ್ದಾಗ ಕಲಬುರ್ಗಿಯಲ್ಲಿ ನೋಡಿ ಬಂದಿದ್ದ. ನಾನು ನೋಡಿದ್ದು 2018ರಲ್ಲಿ ಚಿತ್ರ ಹೊಸ ರೂಪದಲ್ಲಿ ಮತ್ತೆ ಬಂದಾಗ. ತಂದೆ ಮಗ ಇಬ್ಬರಿಗೂ ಆ ಕೋಟೆ ನೋಡಲೇಬೇಕೆಂಬ ಆಸೆ.

ಮೊದಲ ಸಲ ನಾನು ಹೊರಟದ್ದು ಗೆಳೆಯನ ಜೊತೆ. ತೊಗರಿ ಮಾರಿದ ದುಡ್ಡಿನಲ್ಲಿ ಒಂದು ಗಾಡಿ ಕೊಂಡಿದ್ದೆ. ಯಾವ ಕಂಪನಿ ಅಂತ ಕೇಳಬೇಡಿ. ನೋಡಲು ಚಿರತೆ! ಹಿಂದಿನ ಸೀಟು ಆಕಾಶಕ್ಕೆ, ಹ್ಯಾಂಡಲ್ ನೆಲಕ್ಕೆ. ಬಸ್‌ಸ್ಟ್ಯಾಂಡ್ ಮುಂದೆ ನಿಲ್ಲಿಸಿದರೆ ಹತ್ತು ಜನ ಸುತ್ತ ನಿಲ್ಲುತ್ತಿದ್ದರು. ಹುಮನಾಬಾದ್ ತನಕ ನಾವೇ ರಾಜರು. ಕಲಬುರ್ಗಿ ದಾಟುವಾಗ ನನ್ನ ಮುಂಗೈ ಜುಮ್ಮೆನ್ನತೊಡಗಿತು. ಜೇವರ್ಗಿ ಹತ್ತಿರ ಭೀಮಾ ನದಿ ಬಂತು, ಕಣ್ಣಿಗೆ ನೀರು ಕಾಣಲಿಲ್ಲ, ನೋವೇ ಕಂಡಿತು. ಸಿಂದಗಿಯಲ್ಲಿ ಗೆಳೆಯ ಮಾತು ಬಿಟ್ಟ. ವಿಜಯಪುರದಲ್ಲಿ ಇಳಿದವನೇ ಹೆಲ್ಮೆಟ್ ನನ್ನ ಕೈಗಿಟ್ಟ.

“ನೀ ಹೋಗಪಾ ದುರ್ಗಕ್ಕ. ನಾ ಬಸ್ಸಿಗಿ ಹೋಗ್ತೀನಿ ಊರಿಗಿ.”

ಗೋಳಗುಮ್ಮಟವನ್ನೂ ನೋಡದೆ ಹೋದ. ಆರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನೂ ದುರ್ಗ ಕಾಣದೆ ವಾಪಸ್ಸಾದೆ.

ಇದಾದ ಮೇಲೆ ಅಪ್ಪ ಒಂದು ದಿನ ಊಟಕ್ಕೆ ಕೂತಾಗ ಅಂದ: “ಮುಂದಿನ ಸಲ ನಾ ಬರ್ತೀನಿ ಹಿಂದ ಕುಂದ್ರಲಾಕ.” ಅಪ್ಪನಿಗೆ ಎಪ್ಪತ್ತರ ಹತ್ತಿರ. ಒಂದು ಕಾಲಕ್ಕೆ ಯೆಜ್ಡಿ ಓಡಿಸಿದವನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎರಡು ಸೈಲೆನ್ಸರ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ 250 ಸಿಸಿ ಟೂ ಸ್ಟ್ರೋಕ್ ಎಂಜಿನ್. ಅದರ ಮಾತು ಬಂದರೆ ಅಪ್ಪ ಇಪ್ಪತ್ತರ ಹುಡುಗ. ಬಸ್ಸಿನಲ್ಲಿ ಹೋಗೋಣ ಅಂದರೆ ಒಪ್ಪಲಿಲ್ಲ. ಅವ್ವ ಒಳಗಿನಿಂದಲೇ ಹೇಳಿದಳು: “ಟೊಂಕ ಮುರ್ಕೊಂಡು ಬಂದ್ರ ನಾ ಅಂತೂ ಎಣ್ಣಿ ತಿಕ್ಕಂಗಿಲ್ಲ, ಹೇಳೀನಿ!”

ಈಗ ನಿಜವಾದ ಪೇಚು. ಹಳೇ ಗಾಡಿ ಮಾರಬೇಕು, ಹೊಸದು ಹುಡುಕಬೇಕು. ಇನ್ನೊಮ್ಮೆ ತಪ್ಪಿದರೆ ಅರ್ಧ ದಾರಿಯಲ್ಲಿ ಇಳಿಯುವವನು ಗೆಳೆಯನಲ್ಲ, ಹೆತ್ತ ಅಪ್ಪ. ಕಲ್ಯಾಣದ ಆಟೋನಗರಕ್ಕೆ ಹೋದೆ. ಲಾರಿ ರಿಪೇರಿಗೆ ಹೆಸರಾದ ಜಾಗ ಅದು. ಅಲ್ಲಿ ನನಗೆ ಪರಿಚಯದ ಒಬ್ಬ ಮಿಸ್ತ್ರಿ ಚಾಚಾ ಇದ್ದಾರೆ. ನನ್ನ ಕಥೆ ಕೇಳಿ ನಕ್ಕರು.

“ಬೇಟಾ, ನೀ ಗಾಡಿ ಕಣ್ಣಿಂದ ತಗೊಂಡಿ. ಟೊಂಕಿಂದ ತಗೋಬೇಕು.”

ಅವರು ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಗಾಡಿ ಕೊಳ್ಳುವ ಹುಡುಗರು ಕತ್ತರಿಸಿ ಇಟ್ಟುಕೊಳ್ಳಿ.

ಮೊದಲನೆಯದು ಕೂಡುವ ಭಂಗಿ. ಸೀಟು, ಹ್ಯಾಂಡಲ್, ಕಾಲಿಡುವ ಕಡ್ಡಿ, ಈ ಮೂರರ ನಡುವಿನ ಅಂತರದಲ್ಲಿ ಎಲ್ಲ ಅಡಗಿದೆ. ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿಸಿ ಕಣ್ಣು ಮುಚ್ಚಿ ಕೂಡಿ. ಕೈ ಚಾಚಿದರೆ ಹ್ಯಾಂಡಲ್ ತಾನಾಗಿ ಸಿಗಬೇಕು, ಮೊಣಕೈ ಸ್ವಲ್ಪ ಮಡಚಿರಬೇಕು. ಈಗ ಎರಡೂ ಕೈ ಬಿಡಿ. ಮೈ ಮುಂದಕ್ಕೆ ಬೀಳುತ್ತದೆಯೇ? ಹಾಗಾದರೆ ನಿಮ್ಮ ಭಾರ ಮುಂಗೈ ಮೇಲಿದೆ, ನೂರು ಕಿಲೋಮೀಟರಿಗೆ ಜುಮ್ಮೆನ್ನುವುದು ಗ್ಯಾರಂಟಿ. ಕಾಲಿಡುವ ಕಡ್ಡಿ ತೀರ ಹಿಂದಿದ್ದರೆ ಮೊಣಕಾಲು ಹಿಡಿಯುತ್ತದೆ. ತೀರ ಮುಂದಿದ್ದರೆ ಕಾಲು ಚಾಚಿ ಕೂಡಲು ಸುಖ, ಆದರೆ ಗುಂಡಿ ಬಂದಾಗ ಕಾಲೂರಿ ಏಳಲಾಗದು, ಪೆಟ್ಟು ಸೀದಾ ಬೆನ್ನಿಗೆ.

ಎರಡನೆಯದು ಸೀಟು. ಶೋರೂಮಿನಲ್ಲಿ ಒತ್ತಿದರೆ ಹತ್ತಿಯಂತೆ ಇಳಿಯುವ ಸೀಟನ್ನು ನಂಬಬೇಡಿ. ಮೂರನೇ ತಾಸಿಗೆ ಸ್ಪಂಜು ಕುಸಿದು ಕೆಳಗಿನ ತಗಡು ಸಿಗುತ್ತದೆ. ಅಗಲವಾಗಿ, ಸ್ವಲ್ಪ ಗಟ್ಟಿಯಾಗಿ ಇರುವುದೇ ದೂರಕ್ಕೆ ಮೇಲು. ಎತ್ತರವನ್ನೂ ನೋಡಿ. ಮೀಟಿಯೋರ್ 350ರ ಸೀಟು 765 ಮಿಲಿಮೀಟರ್ ಎತ್ತರದಲ್ಲಿದೆ, 2023ರ ಹಿಮಾಲಯನ್‌ನದು 825. ಎರಡೂ ದೂರಕ್ಕೆಂದೇ ಮಾಡಿದವು. ಆದರೆ ಗಿಡ್ಡ ಕಾಲಿನವನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಎತ್ತರದ ಗಾಡಿ ನಿಲ್ಲಿಸಲು ಹೋದರೆ ನಡುಬೀದಿಯಲ್ಲಿ ಪಲ್ಟಿ.

ಮೂರನೆಯದು ನಡುಕ. ಗಾಡಿ ನೂರಿಪ್ಪತ್ತು ಹೋಗುತ್ತದೋ ಇಲ್ಲವೋ ಬಿಡಿ. ಎಪ್ಪತ್ತು ಎಂಬತ್ತರಲ್ಲಿ ಸಮಾಧಾನವಾಗಿ ಹೋಗುತ್ತದೆಯೇ? ಆ ಓಟದಲ್ಲಿ ಕನ್ನಡಿ ನೋಡಿ. ಹಿಂದಿನ ಒಂದು ಲಾರಿ ಎರಡಾಗಿ ಕಂಡರೆ ನಿಮ್ಮ ಬೆರಳಿಗೆ ಕೆಟ್ಟಕಾಲ ಕಾದಿದೆ. 100 ಸಿಸಿ ಗಾಡಿಯಲ್ಲೂ ದೇಶ ಸುತ್ತಿದವರಿದ್ದಾರೆ, ಅವರು ಅವಸರ ಮಾಡಿದವರಲ್ಲ. ಇಬ್ಬರು, ಚೀಲ, ಎದುರುಗಾಳಿ ಅಂದಾಗ 350 ಸಿಸಿ ಎಂಜಿನ್ ಒದ್ದಾಡದೆ ಎಳೆಯುತ್ತದೆ.

ನಾಲ್ಕನೆಯದು ಹಿಂದೆ ಕೂಡುವವರು. ಇದನ್ನೇ ನಾವು ಹುಡುಗರು ಮರೆಯುತ್ತೇವೆ. ಅವರಿಗೆ ಹಿಡಿಯಲು ಕಂಬಿ ಬೇಕು, ಮೊಣಕಾಲು ಎದೆಗೆ ತಾಗದಷ್ಟು ಜಾಗ ಬೇಕು. ಇಬ್ಬರು ಹೋಗುವಾಗ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಒಂದೆರಡು ಕಟ್ಟು ಬಿಗಿ ಮಾಡಿಸಿ. ಗಾಡಿಯ ಪುಸ್ತಕದಲ್ಲಿ ಇಬ್ಬರಿಗೆ ಎಷ್ಟು ಎಂದು ಬರೆದಿರುತ್ತದೋ ಅಷ್ಟು ಗಾಳಿ ಹಾಕಿಸಿ.

ಕೊನೆಯದು ಬಿಡಿಭಾಗ. ನಿಮ್ಮೂರಿನ ಮಿಸ್ತ್ರಿಗೆ ಬಿಚ್ಚಲು ಬರದ, ಸಾಮಾನು ಬೀದರ್ ದಾಟಿದರೂ ಸಿಗದ ಗಾಡಿ ಎಷ್ಟು ಚಂದವಿದ್ದರೇನು? ಟೈರಿಗೆ ಟ್ಯೂಬ್ ಇದ್ದರೆ ಒಂದು ಹೆಚ್ಚಿನ ಟ್ಯೂಬ್ ಜೊತೆಗಿರಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಮಾತು. 125 ಸಿಸಿ ಮೇಲಿನ ಹೊಸ ಗಾಡಿಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕ್ ಕಡ್ಡಾಯ. ಆಮೇಲಿನ ಗಾಡಿಯೇ ಇರಲಿ. ಮಳೆಗಾಲದಲ್ಲಿ ಎರಿಮಣ್ಣು ಬಿದ್ದ ಡಾಂಬರಿನ ಮೇಲೆ ಬ್ರೇಕ್ ಹಿಡಿದು ಬಿದ್ದವರಿಗೆ ಅದರ ಬೆಲೆ ಗೊತ್ತು.

ಎರಡನೇ ಸಲ ಶೋರೂಮಿಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ಹೊಳೆಯುವ ಗಾಡಿಗಳನ್ನೆಲ್ಲ ದಾಟಿ ಅಪ್ಪ ಒಂದು ಬುಲೆಟ್ 350ರ ಹಿಂದೆ ಹತ್ತಿ ಕೂತ. ಉದ್ದನೆಯ ಒಂದೇ ಸೀಟು, ನೆಟ್ಟಗೆ ಕೂಡುವ ಭಂಗಿ. ಕಾಲು ಗಂಟೆ ಆದರೂ ಇಳಿಯಲಿಲ್ಲ. ಅಲ್ಲಿನ ಹುಡುಗ ಚಹಾ ತಂದ, ಕುಡಿದ. ಆಮೇಲೆ ಅಂದ: “ಇದು ಆಗ್ತದ.”

ಮುಂದಿನ ಚಳಿಗಾಲಕ್ಕೆ ಹೊರಟೆವು. ನಮ್ಮ ಕಡೆ ಬಿಸಿಲುಗಾಲದಲ್ಲಿ ನಲವತ್ತು ಡಿಗ್ರಿ ದಾಟುತ್ತದೆ, ಆಗ ಯಾವ ಸೀಟೂ ಸುಖವಲ್ಲ. ನಸುಕಿನಲ್ಲಿ ಬಿಟ್ಟು ಕಲ್ಯಾಣ, ಸಸ್ತಾಪುರ ಬಂಗ್ಲಾ, ಹುಮನಾಬಾದ್. ಅಲ್ಲಿ ಹೈದರಾಬಾದ್–ಸೋಲಾಪುರ ಹೆದ್ದಾರಿ ಬಿಟ್ಟು ತೆಂಕಣಕ್ಕೆ ತಿರುಗಿದರೆ 50ನೇ ನಂಬರಿನ ಹೆದ್ದಾರಿ. ಅದನ್ನು ಹಿಡಿದರೆ ಕಲಬುರ್ಗಿ, ವಿಜಯಪುರ, ಹುನಗುಂದ, ಹೊಸಪೇಟೆ, ಕೊನೆಗೆ ಸೀದಾ ಚಿತ್ರದುರ್ಗ! ಎಂಬತ್ತು ಕಿಲೋಮೀಟರಿಗೊಮ್ಮೆ ಇಳಿದು ಕಾಲಾಡಿಸಬೇಕೆಂಬುದು ಚಾಚಾನ ಕಟ್ಟಪ್ಪಣೆ. ಮೊದಲ ದಿನ ವಿಜಯಪುರಕ್ಕೆ ಸಾಕು ಮಾಡಿದೆವು. ಅಂದು ಗೆಳೆಯ ಹೆಲ್ಮೆಟ್ ಕೊಟ್ಟು ಹೋದ ಜಾಗದಲ್ಲಿ ನನ್ನ ಎದೆ ಡವಡವ. ಅಪ್ಪ ಇಳಿದ, ಟೊಂಕದ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗಿದ. ನಾನು ಉಸಿರು ಹಿಡಿದೆ.

“ಗುಮ್ಮಟ ಎಷ್ಟಕ್ಕ ಮುಚ್ತಾರ?” ಅಂದ.

ಮರುದಿನ ಉದ್ದನೆಯ ಸೇತುವೆ ಮೇಲೆ ಕೃಷ್ಣೆ ಕಂಡಳು, ಈ ಸಲ ನಿಜವಾಗಿ ಕಂಡಳು. ಕೂಡಲಸಂಗಮದ ಕ್ರಾಸಿನಲ್ಲಿ ಅಪ್ಪ ಕೈ ಮುಗಿದ. ಕಲ್ಯಾಣದಿಂದ ಸಂಗಮಕ್ಕೆ ಬಸವಣ್ಣ ಹೋದ ದಿಕ್ಕೇ ಅಲ್ಲವೇ ನಾವು ಬಂದದ್ದು! ಸಂಜೆಗೆ ದುರ್ಗ.

ಬೆಳಿಗ್ಗೆ ಕೋಟೆ ಹತ್ತಿದೆವು. ಓಬವ್ವನ ಕಿಂಡಿಯ ಮುಂದೆ ಅಪ್ಪ ಬಹಳ ಹೊತ್ತು ನಿಂತ. ಚಿತ್ರದಲ್ಲಿ ಜಯಂತಿ ಒನಕೆ ಹಿಡಿದು ನಿಂತದ್ದು ನೆನಪಾಗಿರಬೇಕು. “ಪಿಚ್ಚರ್‌ದಾಗ ದೊಡ್ಡದು ಕಾಣಿಸಿತ್ತು” ಅಂದ, ಅಷ್ಟೇ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ವಿಜಯಪುರದಲ್ಲಿ ಇಳಿದಿದ್ದ ಗೆಳೆಯನಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು: “ಸೀಟ್ ಹ್ಯಾಂಗದ?”

ಬರುವ ದಸರೆಗೆ ಅವನೂ ಬರುತ್ತಾನಂತೆ. ಆದರೆ ಮೊದಲು ಕಾಲು ಗಂಟೆ ಹಿಂದೆ ಕೂತು ನೋಡಿ ಆಮೇಲೆ ಹೇಳುತ್ತಾನಂತೆ. ನೋಡಿ, ಜಾಣನಾಗಿದ್ದಾನೆ!