ಹೂವಿನ ನಡು ಏಕೆ ಬರಿದು?

ರಾಯಚೂರು ಎಂದರೆ ನಿಮಗೆ ನೆನಪಾಗುವುದೇನು? ಬಿಸಿಲು, ಅಲ್ಲವೇ? ಬೇಸಿಗೆಯಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಹೊಸತೇನಲ್ಲ. ಆದರೆ ಹಿಂಗಾರಿನ ಬೆಳೆ ಹೂ ಬಿಡುವ ದಿನಗಳಲ್ಲಿ ಒಮ್ಮೆ ಬನ್ನಿ. ಈ ಬಿಸಿಲೂರಿನ ಬೇರೊಂದು ಮುಖ ಕಾಣಿಸುತ್ತದೆ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ನೆಲಕ್ಕೆ ದೋಆಬ್ ಎಂದು ಹೆಸರು. ನಗರದಿಂದ ಮಾನ್ವಿಯ ಬಸ್ಸು ಹತ್ತಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು ಸಿಗುತ್ತವೆ. ಕೃಷ್ಣೆಯ ಮಗ್ಗುಲಿನ ದೇವದುರ್ಗಕ್ಕೆ ಹೋದರೆ ಕಾಲುವೆ ಮುಟ್ಟದ ಕಪ್ಪು ನೆಲದಲ್ಲಿ ಹತ್ತಿ, ತೊಗರಿ, ಜೋಳ. ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಹೊಲ ಕಂಡರೆ ಇಳಿದು ನೋಡಿ. ಅದು ಸೂರ್ಯಕಾಂತಿ.

ನಾವು ಒಂದು ಹೂವೆಂದು ತಿಳಿದಿರುವುದು ನಿಜಕ್ಕೂ ನೂರಾರು ಪುಟ್ಟ ಹೂಗಳ ತಟ್ಟೆ. ಅವು ಅಂಚಿನಿಂದ ನಡುವಿನ ಕಡೆಗೆ ದಿನಕ್ಕೊಂದಿಷ್ಟು ಸುತ್ತು ಅರಳುತ್ತವೆ. ಪ್ರತಿ ಪುಟ್ಟ ಹೂವೂ ಮೊದಲು ಪರಾಗ ಕೊಡುತ್ತದೆ, ಆಮೇಲೆ ಪರಾಗ ಪಡೆಯಲು ಸಿದ್ಧವಾಗುತ್ತದೆ. ಆ ಪರಾಗ ಅಂಟು ಅಂಟಾಗಿ ಭಾರವಾಗಿರುವುದರಿಂದ ಗಾಳಿ ಅದನ್ನು ಹೆಚ್ಚು ಒಯ್ಯಲಾರದು. ಒಯ್ಯಬೇಕಾದದ್ದು ಜೇನುನೊಣ. ಪವಿತ್ರ ಕುರ್‌ಆನಿನ 16ನೆಯ ಅಧ್ಯಾಯಕ್ಕೆ ಹೆಸರಾದ ಅದೇ ಪುಟ್ಟ ಜೀವಿ.

ಜೇನು ಬಾರದಿದ್ದರೆ ಏನಾಗುತ್ತದೆ? ಕಾಳು ಬಡಿಯುವ ಹೆಂಗಸರನ್ನು ಕೇಳಿ. ತೆನೆ ನೋಡಲು ದೊಡ್ಡದು, ಒಳಗೆಲ್ಲ ಜಳ್ಳು. ನಾವು ಬೀಜವನ್ನು ದೂರುತ್ತೇವೆ, ಇಲ್ಲವೇ ಹಣೆಬರಹವೆಂದು ಸುಮ್ಮನಾಗುತ್ತೇವೆ. ನೀರಿನ ಕೊರತೆಯಿಂದಲೂ ಜಳ್ಳಾಗುವುದುಂಟು. ಹೂ ಬಿಟ್ಟಾಗ ಮಳೆ ಹಿಡಿದರೆ ಪರಾಗ ತೊಯ್ದು ಕೆಡುತ್ತದೆ, ಜೇನು ಗೂಡು ಬಿಟ್ಟು ಬರುವುದಿಲ್ಲ. ಬಿಸಿಲು ಅತಿಯಾದರೂ ಕಾಳು ಕಟ್ಟುವುದು ಕಡಿಮೆ. ಆದ್ದರಿಂದಲೇ ಬಿತ್ತನೆಯ ಹೊತ್ತು ಮುಖ್ಯ. ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂವು. ಆ ದಿನಗಳು ಕಡು ಬೇಸಿಗೆಗೋ ಜಡಿಮಳೆಗೋ ಸಿಗದಂತೆ ಲೆಕ್ಕ ಹಾಕಬೇಕು.

ಮಳೆ ಬಿಸಿಲು ನಮ್ಮ ಕೈಯಲ್ಲಿಲ್ಲ. ಔಷಧದ ಪಂಪು ಮಾತ್ರ ನಮ್ಮ ಕೈಯಲ್ಲೇ ಇದೆ. ಜೇನು ಹೆಚ್ಚಾಗಿ ಬರುವುದು ಬೆಳಗಿನ ಹೊತ್ತು. ನಾವು ಸಿಂಪಡಿಸುವುದೂ ಅದೇ ಹೊತ್ತು! ನಮಗಾಗಿ ಕೂಲಿ ಇಲ್ಲದೆ ದುಡಿಯಲು ಬಂದವರಿಗೆ ವಿಷ ಕೊಡುವುದು ಯಾವ ನ್ಯಾಯ? ಹೂವಿನ ಕಾಲದಲ್ಲಿ ಸಿಂಪಡಣೆ ಬೇಡ. ತೀರಾ ಅನಿವಾರ್ಯವಾದರೆ ಸಂಜೆ, ಜೇನು ಗೂಡಿಗೆ ಮರಳಿದ ಮೇಲೆ.

ಜೇನು ಕಡಿಮೆಯಾದ ಹೊಲಕ್ಕೆ ಕೃಷಿ ತಜ್ಞರು ಹೇಳುವ ಉಪಾಯ ಕೇಳಿದರೆ ನಿಮಗೆ ಅಚ್ಚರಿಯಾದೀತು. ಬೆಳಿಗ್ಗೆ ಸುಮಾರು 9ರಿಂದ 11 ಗಂಟೆಯೊಳಗೆ ಮೆತ್ತನೆಯ ಮಲ್ ಬಟ್ಟೆಯನ್ನು ಕೈಗೆ ಸುತ್ತಿ, ಒಂದು ಹೂವಿನ ಮುಖ ಸವರಿ ಮತ್ತೊಂದನ್ನು ಸವರುವುದು. ದಿನ ಬಿಟ್ಟು ದಿನ, ಹೂ ಮುಗಿಯುವವರೆಗೆ. ಮಗುವಿನ ಮುಖ ಒರೆಸುವಷ್ಟೇ ಹಗುರ ಕೈ ಬೇಕು. ಅನುಕೂಲವಿದ್ದವರು ಹೊಲದ ಬದುವಿನಲ್ಲಿ ಜೇನುಪೆಟ್ಟಿಗೆ ಇಡಬಹುದು. ಹೆಕ್ಟೇರಿಗೆ ನಾಲ್ಕೈದು ಪೆಟ್ಟಿಗೆ ಸಾಕು. ವಿಚಾರಿಸಲು ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ.

ಹೊಲವಿಲ್ಲದ ನಮಗೆ ಇದೆಲ್ಲ ಏಕೆ ಎನ್ನುವಿರಾ? 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ನಮ್ಮ ಅಡುಗೆಮನೆಯ ಎಣ್ಣೆಯ ಬೆಲೆ ಹೇಗೆ ಏರಿತೆಂದು ನೀವು ಮರೆತಿರಲಾರಿರಿ. ದೇಶದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಹೊರಗಿನಿಂದ ಬರುತ್ತದೆ. ಇಲ್ಲೇ ಬೆಳೆಯುವ ನೆಲವಿದೆ, ಬೆಳೆಯುವ ಕೈಗಳಿವೆ. ಆ ಕೈಗಳ ದುಡಿಮೆ ಜಳ್ಳಾಗಬಾರದು.

ಮುಂದಿನ ಸಲ ಈ ದಾರಿಯಲ್ಲಿ ಬಂದಾಗ ಹಳದಿ ಹೊಲದ ಬಳಿ ಒಂದು ಗಳಿಗೆ ನಿಲ್ಲಿ. ಮೊದಲು ಕಿವಿಗೊಡಿ. ಗುಂಯ್‌ಗುಡುವ ಸದ್ದು ಕೇಳಿಸಿದರೆ ಆ ಮನೆಯ ಕಣಜಕ್ಕೆ ಕಾಳು ಬಂದೀತು.